ಬಿಸಿಲಿದ್ದೂ ನಿಂತ ಮೆಷಿನ್

ಸೋಲಾರ್ ಕೂರಿಸಿದ ಎಂಟನೆಯ ದಿನ ಜಿನೇಶ್ ಮಾಸ್ತಿಕಟ್ಟೆ ಬಳಿಯ ಕೆರಿಯಮ್ಮನ ಮನೆಗೆ ಮೀಟರ್ ನೋಡಲು ಹೋದ. ಹೊಸನಗರದಲ್ಲಿ ಅವನದೂ ಅವನ ಅಣ್ಣ ಪದ್ಮರಾಜನದೂ ಸೋಲಾರ್ ಅಂಗಡಿ. ತಾರಸಿಯ ಮೇಲಿನ ನಾಲ್ಕು ಪ್ಯಾನೆಲ್‌ಗಳು ಹನ್ನೊಂದು ಗಂಟೆಯ ಬಿಸಿಲಿಗೆ ಒಂದೂವರೆ ಕಿಲೋವ್ಯಾಟ್ ಕೊಡುತ್ತಿದ್ದವು. ಮನೆಗೆ ಬಳಸಿ ಉಳಿದದ್ದು ಮೀಟರ್ ದಾಟಿ ಲೈನಿಗೆ ಹೋಗುತ್ತಿತ್ತು. ಕೆಲಸದಲ್ಲಿ ಕೊರತೆ ಇರಲಿಲ್ಲ.

ಜಗಲಿಯಲ್ಲಿ ಕೆರಿಯಮ್ಮನ ಗಂಡ ಜಟ್ಟಪ್ಪ ಮೂಗಿಗೆ ಕೊಳವೆ ಹಾಕಿಕೊಂಡು ಕುಳಿತಿದ್ದ. ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ದುಡಿದು ಅವನ ಶ್ವಾಸಕೋಶ ಹಾಳಾಗಿತ್ತು. ಪಕ್ಕದಲ್ಲಿ ಆಕ್ಸಿಜನ್ ಮೆಷಿನ್ ಗುರುಗುಡುತ್ತಿತ್ತು. ಕರೆಂಟ್ ಹೋದಾಗ ಬಳಸಲೆಂದು ಮೂಲೆಯಲ್ಲಿ ಇಟ್ಟುಕೊಂಡಿದ್ದ ಆಕ್ಸಿಜನ್ ಸಿಲಿಂಡರ್ ಮಾತ್ರ ಕಾಣಲಿಲ್ಲ.

“ಸಿಲಿಂಡರ್ ಎಲ್ಲಿ ಕೆರಿಯಮ್ಮ?”

“ಬಾಡಿಗೇದಲ್ವ ತಮ್ಮ, ಮೊನ್ನೆ ವಾಪಸ್ ಕಳಿಸ್ದೆ. ಕರೆಂಟ್ ಹೋದ್ರೂ ಮೆಷಿನ್ ನಡೀತದೆ ಅಂದ್ಯಲ್ಲ.”

“ಡ್ಯಾಮ್ ನಮ್ಮ ಪಕ್ಕದಲ್ಲಿ, ಕರೆಂಟ್ ಊರಿಗೆಲ್ಲ ಹೋಗಿ ಕಡೆಗೆ ನಮ್ಮನೆಗೆ,” ಎಂದ ಜಟ್ಟಪ್ಪ, ಉಸಿರೆಳೆದುಕೊಳ್ಳುತ್ತ. “ಈಗ ನಮ್ದೇ ಫ್ಯಾಕ್ಟ್ರಿ ಮಾರಾಯ!”

ಕರೆಂಟ್ ಹೋದರೂ ಮೆಷಿನ್ ನಡೆಯುತ್ತದೆಂದು ಜಿನೇಶ್ ಬಾಯಲ್ಲಿ ಅಂದಿರಲಿಲ್ಲ. ಸೋಲಾರ್ ಅರ್ಜಿಗೆ ಸಹಿ ಹಾಕುವ ಮುಂಚೆ ಕೆರಿಯಮ್ಮ ಅದನ್ನು ಕೇಳಿದ್ದಳು. ಅವನು ಹೌದೆಂಬಂತೆ ತಲೆ ಆಡಿಸಿದ್ದ. ಬ್ಯಾಟರಿ ಬೇರೆ ಬೇಕು ಎಂದರೆ ಅವಳು ಹಿಂದೆ ಸರಿಯುತ್ತಾಳೆಂದು ಗೊತ್ತಿತ್ತು. ಬಾಯಿಬಿಟ್ಟು ಸುಳ್ಳು ಹೇಳಿಲ್ಲವಲ್ಲ ಎಂದು ಎಂಟು ದಿನ ಸಮಾಧಾನ ಮಾಡಿಕೊಂಡಿದ್ದ. ಅಷ್ಟು ದಿನ ಆ ಕಡೆ ಕರೆಂಟೂ ಹೋಗಿರಲಿಲ್ಲ.

“ಇದರಲ್ಲಿ ಬ್ಯಾಟರಿ ಇಲ್ಲ ಕೆರಿಯಮ್ಮ,” ಎಂದ. “ಲೈನಲ್ಲಿ ಕರೆಂಟ್ ಇದ್ರೆ ಮಾತ್ರ ಇನ್ವರ್ಟರ್ ಕೆಲಸ ಮಾಡ್ತದೆ. ಲೈನ್ ಹೋದ್ರೆ ತಾನೂ ನಿಲ್ತದೆ. ಇಲ್ದಿದ್ರೆ ನಮ್ಮ ಕರೆಂಟ್ ಕಂಬಕ್ಕೆ ಹೋಗಿ ರಿಪೇರಿ ಮಾಡೋ ಲೈನ್‌ಮನ್‌ಗೆ ಹೊಡೀತದೆ.”

“ಬಿಸಿಲಿದ್ರೂ?”

“ಬಿಸಿಲಿದ್ರೂ.”

“ಸುಮ್ನಿರು, ತಮಾಷೆ ಮಾಡ್ಬೇಡ.”

ಅವನು ನಗಲಿಲ್ಲ. ಕೆರಿಯಮ್ಮ ಒಳಗೆ ಹೋಗಿ ಲೈನಿನ ಮೇನ್ ಸ್ವಿಚ್ ಇಳಿಸಿದಳು. ಫ್ಯಾನ್ ನಿಧಾನವಾಯಿತು. ಮೆಷಿನ್ ಕೀಂ ಎಂದು ಕೂಗಿಕೊಂಡಿತು. ಅಂಗಳದಲ್ಲಿ ಕಣ್ಣು ಬಿಡಲಾಗದಂಥ ಬಿಸಿಲು. ಜಟ್ಟಪ್ಪ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ. ಅವಳು ಸ್ವಿಚ್ ಎತ್ತಿದಳು. ಮೆಷಿನ್ ಲೈನಿನ ಕರೆಂಟಿನಲ್ಲಿ ಮತ್ತೆ ಹೊರಟಿತು. ಸೋಲಾರ್ ಶುರುವಾಗಲು ಇನ್ನೂ ಒಂದು ನಿಮಿಷ ಬೇಕಾಯಿತು.

“ಅವತ್ತು ತಲೆ ಆಡಿಸಿದ್ದು ಯಾಕೆ?”

“ಸಹಿ ಬೇಕಿತ್ತು.”

ಜಿನೇಶ್ ಬೈಕಿನ ಕೀ ತೆಗೆದ. “ಈಗ್ಲೇ ಹೋಗಿ ಸಿಲಿಂಡರ್ ತರ್ತೀನಿ.”

“ನೀನು ಹೋಗ್ಬೇಡ. ನಿನ್ನಣ್ಣಂಗೆ ಹೇಳು, ತರ್ಲಿ. ಅಲ್ಲಿವರೆಗೆ ಇವ್ರ ಪಕ್ಕ ಕೂತ್ಕೊ. ಅಷ್ಟರೊಳಗೆ ಕರೆಂಟ್ ಹೋದ್ರೆ ನೀನೂ ನೋಡು.”

ಅವನು ಫೋನಿನಲ್ಲಿ ಅಣ್ಣನಿಗೆ ಎಲ್ಲವನ್ನೂ ಹೇಳಿ, ತಲೆ ಆಡಿಸಿದ್ದನ್ನೂ ಸೇರಿಸಿ ಹೇಳಿ, ಬೆಂಚಿನ ತುದಿಯಲ್ಲಿ ಕುಳಿತ. ಪದ್ಮರಾಜ ಸಿಲಿಂಡರ್ ತರಲು ಒಂದೂವರೆ ಗಂಟೆ ಹಿಡಿಯಿತು. ಕರೆಂಟ್ ಹೋಗಲಿಲ್ಲ. ನಡುವೆ ಒಮ್ಮೆ ಫ್ಯಾನ್ ತುಸು ನಿಧಾನವಾದಾಗ ಜಿನೇಶ್ ಧಡಕ್ಕನೆ ಎದ್ದು ನಿಂತ.

“ವೋಲ್ಟೇಜ್ ಕಮ್ಮಿ ಆಯ್ತು ಕಣಾ,” ಎಂದ ಜಟ್ಟಪ್ಪ. “ಕೂತ್ಕೊ.”