ಬಾರದ ಸದ್ದು

ಇಲಿಗೆ ಗುಂಡ ಎಂದು ಹೆಸರಿಟ್ಟವಳು ಸಂಶೋಧಕಿಯೇ. ಕೂದಲೆಳೆಯಂಥ ತಂತಿಯನ್ನು ತಲೆಗೆ ಅಂಟಿಸಿಕೊಂಡು, ಮಬ್ಬು ಬೆಳಕಿನ ಕೋಣೆಯಲ್ಲಿ ತೂಕಡಿಸುವುದೇ ಅವನ ಉದ್ಯೋಗ. ಅಂಥ ನೌಕರಿ ಯಾರಿಗುಂಟು ಯಾರಿಗಿಲ್ಲ! ಸ್ಪೀಕರಿನಿಂದ ಟುಂ, ಟುಂ, ಟುಂ ಎಂದು ಒಂದೇ ಸದ್ದು ಬರುತ್ತಿರುತ್ತದೆ. ನಡುವೆ ಎಲ್ಲೋ ಒಂದು ಟಿಣ್. ಆಗ ಗುಂಡನ ಮಿದುಳು ಬೆಚ್ಚುತ್ತದೆಯೇ ಎಂದು ಪರದೆಯ ಗೆರೆಯಲ್ಲಿ ನೋಡುವುದು ಅವಳ ಕೆಲಸ.

ಅಂದು ಗೆರೆ ಜಪ್ಪಯ್ಯ ಅಂದರೂ ಏಳಲಿಲ್ಲ. ತಪ್ಪು ಅವಳದೇ. ಟಿಣ್ ಅನ್ನು ಎಲ್ಲೆಂದರಲ್ಲಿ ಹಾಕುವ ಬದಲು ಪ್ರತಿ ನಾಲ್ಕು ಟುಂ ಆದಮೇಲೆ ಹಾಕಿ, ಅದನ್ನೂ ಗುಂಡನಿಗೆ ರೂಢಿ ಮಾಡಿಬಿಟ್ಟಿದ್ದಳು. ದಿನಾ ಸಾಯುವವರಿಗೆ ಅಳುವವರು ಯಾರು? ಗಾದೆ ನೆನಪಾದದ್ದೇ ತಡ, ಅವಳ ಕಣ್ಣು ತುಂಬಿತು. ಮನಸ್ಸಾದರೂ ಇಲ್ಲೆಲ್ಲಿತ್ತು? ಆಸ್ಪತ್ರೆಯಲ್ಲಿ ಅಮ್ಮ ಪಾರ್ಶ್ವವಾಯು ಬಡಿದು ಕಣ್ಣು ಮುಚ್ಚಿ ಮಲಗಿದ್ದಳು. ಕಿವಿ ಕೇಳುತ್ತಿದೆಯೋ ಇಲ್ಲವೋ ಹೇಳಲಾಗದು ಎಂದಿದ್ದರು ಡಾಕ್ಟರು.

ಬೇಸತ್ತು ಸ್ಪೀಕರ್ ನಿಲ್ಲಿಸಿದಳು. ಮುಂದಿನ ಟುಂ ಬರಬೇಕಿದ್ದ ಜಾಗದಲ್ಲಿ, ಏನೂ ಬಾರದಿದ್ದಾಗ, ಗೆರೆ ಚಂಗನೆ ಎದ್ದಿತು. ಗುಂಡ ಕಿವಿ ನಿಮಿರಿಸಿದ.

ಅವಳು ಕನಸಿನಲ್ಲಿ ನಡೆದಂತೆ ಆಸ್ಪತ್ರೆಗೆ ನಡೆದಳು. ದಾರಿಯ ಗದ್ದಲವೆಲ್ಲ ನೀರಿನಡಿಯಿಂದ ಕೇಳಿಸಿದಂತಿತ್ತು. ವಾರ್ಡಿನಲ್ಲಿ ಸಂಜೆಬಿಸಿಲು ಪರದೆಯ ಮೇಲೆ ತೇಲುತ್ತಿತ್ತು. ಅಪ್ಪ ಎಂದಿನಂತೆ ಮಾತಾಡುತ್ತಿದ್ದ. ಬಸ್ ಕಂಡಕ್ಟರಾಗಿ ನಿವೃತ್ತನಾದರೂ ಅವನ ಬಾಯಿಗೆ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಹೆಂಡತಿ ಮಲಗಿದಾಗಿನಿಂದ ಹಳೆಯ ಕಥೆಗಳನ್ನೇ ಹೇಳುತ್ತ ಮಂಚದ ಪಕ್ಕ ಕೂತುಬಿಟ್ಟಿದ್ದ.

"ಅಪ್ಪಾ, ಕಥೆ ಅರ್ಧಕ್ಕೆ ನಿಲ್ಲಿಸಿ ಸುಮ್ಮನಿರ್ತೀಯಾ?"

"ಸುಮ್ಮನಾದ್ರೆ ನಾನು ಎದ್ದುಹೋದೆ ಅಂದ್ಕೊಳ್ತಾಳೆ ಕಣೇ."

"ಅಂದ್ಕೊಳ್ಳಲಿ. ಎಂಜಿನ್ ನಿಂತ್ರೆ ತೂಕಡಿಸೋರು ಏಳಲ್ವಾ?"

ಅಪ್ಪ ಮಗಳ ಮುಖವನ್ನೇ ನೋಡಿದ. "ಏಳದಿದ್ರೆ?"

ಮೌನಕ್ಕೂ ಅಮ್ಮ ಮಿಸುಕದಿದ್ದರೆ ಉಳಿದ ಆಸೆಯೂ ಹೋಗುತ್ತದೆಂಬ ಭಯ ಅವಳಿಗೂ ಇತ್ತು.

ಅಪ್ಪ ಗಂಟಲು ಸರಿಮಾಡಿಕೊಂಡ. "ಆ ಮುದುಕ ಬಸ್ ಹತ್ತಿದ್ನಾ, ಕಂಕುಳಲ್ಲಿ ಮೇಕೆಮರಿ. ಅದಕ್ಕೂ ಟಿಕೆಟ್ ತಗೋ ಅಂದೆ. ಅದಕ್ಕವನು ಏನಂದ ಗೊತ್ತಾ..."

ಅಲ್ಲಿಗೆ ನಿಲ್ಲಿಸಿ ಬಾಯಿಗೆ ಕೈ ಅಡ್ಡ ಹಿಡಿದ. ಮದುವೆಯಾದಾಗಿನಿಂದ ಆ ಮನುಷ್ಯ ಕಥೆಯನ್ನು ಅರ್ಧಕ್ಕೆ ಬಿಟ್ಟದ್ದೇ ಇಲ್ಲ.

ಹೊರಗೆ ಯಾರೋ ಬಾಗಿಲು ಮುಚ್ಚಿದರು. ಬಿಸಿಲು ಪರದೆಯಿಂದ ಇಳಿದು ಹೊದಿಕೆಯ ಮೇಲೆ ಬಂತು. ಅಪ್ಪ ಬಾಯಿಗೆ ಹಿಡಿದ ಕೈ ಇಳಿಸಿದ. ಇನ್ನು ತಡೆಯಲಾರದೆ ಅವನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಮ್ಮನ ಹುಬ್ಬು ಗಂಟಿಕ್ಕಿತು. ಒಣಗಿದ ತುಟಿ ನಿಧಾನವಾಗಿ ಬಿಚ್ಚಿಕೊಂಡಿತು.

"ಏನಂದ?"

ಅಪ್ಪನಿಗೆ ಆ ಮುದುಕ ಏನಂದನೆಂಬುದೇ ಮರೆತುಹೋಗಿತ್ತು.