ರೋಗವಿಲ್ಲದವರ ರಕ್ತ

ಧೂಳು ಮೂಗಿಗೆ ಏರುತ್ತಿದೆ, ಹಳೆಯ ರಟ್ಟಿನ ವಾಸನೆ, ಹೊರಗೆ ಗೋಳಗುಮ್ಮಟದ ಕಡೆ ಹೊರಟ ಟಾಂಗಾದ ಸಪ್ಪಳ, ವೈದ್ಯಕೀಯ ಪತ್ರಿಕೆಯ ಐವತ್ತೆಂಟನೆಯ ಇಸವಿಯ ಸಂಪುಟವೂ ಮುಗಿಯಿತು, ಇದರಲ್ಲೂ ಇಲ್ಲ — ವಿಷಯಸೂಚಿಯಲ್ಲಿ ರೋಗದ ಹೆಸರು ಹಿಡಿದು ಹುಡುಕಿದರೆ ಬರೀ ಔಷಧಿ, ಸೂಜಿ, ಮತ್ತೆ ಔಷಧಿ, ರಕ್ತಪರೀಕ್ಷೆಯೇ ತಪ್ಪು ಹೇಳಬಹುದೆಂದು ಬರೆದವನು ಅದನ್ನು ಯಾವ ಹೆಸರಿನಡಿ ಅಡಗಿಸಿಟ್ಟಿದ್ದಾನೋ, ಐದರ ಬಸ್ಸಿಗೆ ತಿಕೋಟಾಕ್ಕೆ ಹೊರಡಬೇಕು, ಅಲ್ಲಿ ತಂಗಿ ಗುರುಬಾಯಿಯ ಮಾವ ಪರಸಪ್ಪ ಕಟ್ಟೆಯ ಮೇಲೆ ಕಾಯುತ್ತಿರುತ್ತಾನೆ, ಅವಳ ರಕ್ತದಲ್ಲಿ ಸಿಫಿಲಿಸ್ ಎಂಬ ಕೆಟ್ಟ ಗುಪ್ತರೋಗವಿದೆಯೆಂದು ಚೀಟಿ ಬಂದ ದಿನವೇ ಐದು ತಿಂಗಳ ಬಸುರಿಯನ್ನು ತವರಿಗೆ ಅಟ್ಟಿದವನು, ಅವನದು ಒಂದೇ ಮಾತು, ತಮ್ಮಾ, ನೀ ಎಷ್ಟ ಕಲತಿದ್ರೂ ನಿನ್ನ ಬಾಯಿಮಾತ ಬ್ಯಾಡ, ಡಾಕ್ಟರ ಚೀಟಿ ಸುಳ್ಳ ಆಗತೈತಂತ ಅಚ್ಚಾದ್ದ ತಂದ ತೋರಸು, ಮುಂಜಾನಿ ಬಂದು ಸೊಸಿನ್ನ ಕರಕೊಂಡ ಹೋಗತೀನಿ, ಇಲ್ಲಂದ್ರ ಮಗನಿಗಿ ಬ್ಯಾರೆ ಹೆಣ್ಣ ನೋಡತೀನಿ — ಈ ದವಾಖಾನೆಯ ಪುಸ್ತಕದ ಕೋಣೆ ಕಾಯುವ ಪೀರಸಾಬನಿಗೆ ನಗು, ಏನ್ರೀ ಬಿ.ಎಸ್ಸಿ. ಸಾಹೇಬ್ರ, ಕನ್ಯಾ ನೋಡಾಕ ಬಂದೋರಂಗ ಒಂದೊಂದ ಪುಸ್ತಕಾ ತಗದು ತಗದು ಇಡಾಕತ್ತೀರಿ, ಯಾವುದೂ ಪಸಂದ ಬೀಳವಲ್ದೇನು? ಒಂದು ಲೇಖನವಿತ್ತು, ಖಾತ್ರಿಯಾದ ನೂರು ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಎಷ್ಟು ಮಂದಿಯನ್ನು ಹಿಡಿಯಿತೆಂಬ ಜಂಬ, ರೋಗವಿಲ್ಲದವರ ರಕ್ತ ನೋಡಿದಿರೇನ್ರಪ್ಪಾ, ಅವರಲ್ಲಿ ಎಷ್ಟು ಮಂದಿಯನ್ನು ಸುಮ್ಮಸುಮ್ಮನೆ ಹಿಡಿಯಿತು, ಅದಕ್ಕೆ ಒಂದು ಸಾಲೂ ಇಲ್ಲ, ಆರೋಗ್ಯವಂತರನ್ನು ಯಾರೂ ಕೇಳಿಯೇ ಇಲ್ಲ, ಪರೀಕ್ಷೆಗೆ ರಕ್ತ ಕೊಟ್ಟ ವಾರ ಗುರುಬಾಯಿಗೆ ಚಳಿಜ್ವರ ಬೇರೆ, ಎರಡು ಕೌದಿ ಹೊದಿಸಿದರೂ ನಡುಗುತ್ತಿದ್ದಳಂತೆ — ಚಳಿಜ್ವರ, ಮಲೇರಿಯಾ, ಆ ಹೆಸರಿನಡಿ ಯಾಕೆ ನೋಡಲಿಲ್ಲ ನಾನು, ದಡ್ಡ, ಮೂರು ದಿನ ದಡ್ಡ, ಮತ್ತೆ ಅದೇ ಸಂಪುಟ, ಪುಟ ಮುನ್ನೂರ ಹನ್ನೆರಡು, ಅಡಿಯಲ್ಲಿ ಸಣ್ಣ ಅಕ್ಷರ: ಮಲೇರಿಯಾ ಬಂದ ಕೆಲವರಲ್ಲಿ ಆ ರೋಗವಿಲ್ಲದಿದ್ದರೂ ಪರೀಕ್ಷೆ ಹೌದೆನ್ನುತ್ತದೆ, ಜ್ವರ ಬಿಟ್ಟ ಮೇಲೆ ಇನ್ನೊಮ್ಮೆ ನೋಡಬೇಕು. ಸಿಕ್ಕಿತು. ಒಯ್ರಿ, ನಾಳೆ ಸಂಜಿಕ ತಂದ ಕೊಡ್ರಿ, ಹಾಳಿ ಮಡಚಬ್ಯಾಡ್ರಿ ಎನ್ನುತ್ತಿದ್ದಾನೆ ಪೀರಸಾಬ, ಎದೆ ಯಾಕೆ ಹಗುರಾಗುತ್ತಿಲ್ಲ, ಕೆಲವರಲ್ಲಿ, ಕೆಲವರು ಅಂದರೆ ಎಷ್ಟು, ಆ ಕೆಲವರಲ್ಲಿ ಗುರುಬಾಯಿ ಇದ್ದಾಳೆಯೇ — ಯಾರು ಕೇಳಿದ್ದು ಇದನ್ನು, ಪರಸಪ್ಪನಲ್ಲ, ನಾನು, ನಿನ್ನೆ ಮಧ್ಯಾಹ್ನ ಬಿಸಿಲಿನಿಂದ ಬಂದಾಗ ಅಣ್ಣಾ, ನೀರ ಕುಡಿ ಎಂದು ತಂಬಿಗೆ ಚಾಚಿದಳು, ಬಾಯಾರಿ ಬಂದಿದ್ದೆ, ಆದರೂ ನೀರಡಿಕಿಲ್ಲವ್ವಾ ಎಂದೆ, ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ತಂಬಿಗೆಯ ಅಂಚಿನಲ್ಲಿ ನೀರು ಅಲುಗುತ್ತಿತ್ತು, ಇನ್ನೂ ಅಲುಗುತ್ತಿದೆ, ಚಾಚಿದ ಕೈ, ತಂಬಿಗೆ, ನೀರು, ಚಾಚಿದ ಕೈ