ಹಳೇ ಮಣ್ಣು

ಆ ಗುರುವಾರ ಬೆಳಿಗ್ಗೆ ನಾನು ಹಳ್ಳದ ದಂಡೆಯಲ್ಲಿ ಮೊಣಕಾಲೂರಿ ಬರಿಗೈಲಿ ಮಣ್ಣು ಬಗೆಯುತ್ತಿದ್ದೆ. ರಾತ್ರಿಯ ಮಳೆಗೆ ನೆನೆದ ದಂಡೆ ಕುಸಿದಿತ್ತು. ಅದರಡಿ ನನ್ನ ಮೂರನೆಯ ಇಯತ್ತೆಯ ಪ್ರೇಮವ್ವ ಸಿಕ್ಕಿದ್ದಾಳೆಂದು ಊರೇ ನಂಬಿತ್ತು. ಕೋಳಿ ಕೂಗುವಾಗಲೇ, ಮಾಸ್ತರರು ಹೇಳಿದ ಮಣ್ಣು ತರುತ್ತೇನೆಂದು ಬುಟ್ಟಿ ಹಿಡಿದು ಹೊರಟವಳು ತಿರುಗಿ ಬಂದಿರಲಿಲ್ಲ. ಆ ಮಾಸ್ತರ ನಾನೇ, ಅಣ್ಣಾಜಿ.

ಎಲ್ಲ ನನ್ನ ಜಂಬದಿಂದ ಆದದ್ದು. ಭೂಗೋಳದ ಪುಸ್ತಕದಲ್ಲಿ ಹಿಮಾಲಯದ ಚಿತ್ರವಿತ್ತು. ಗುತ್ತಲದ ಸಂತೆಯಾಚೆ ಏನನ್ನೂ ನೋಡದ ಮಕ್ಕಳಿಗೆ ಹಿಮಾಲಯ ಕಟ್ಟಿಕೊಂಡು ಏನಾಗಬೇಕು? ಹಾವೇರಿಯಲ್ಲಿ ಕಲಿತು ಬಂದವನೆಂಬ ಕೊಬ್ಬು ಬೇರೆ. ಬುಧವಾರ ಮಧ್ಯಾಹ್ನ ಎಲ್ಲರನ್ನೂ ಹಳ್ಳಕ್ಕೆ ಕರೆದೊಯ್ದೆ. ನೀರು ಕೊರೆದ ದಂಡೆ ಗೋಡೆಯಂತೆ ನಿಂತಿತ್ತು. ಮೇಲೆ ಕರಿಯ ಎರೆ, ನಡುವೆ ಹರಳು ಬೆರೆತ ಗರಸು, ಬುಡದಲ್ಲಿ ಹಿಟ್ಟಿನಂತೆ ಉದುರುವ ಹಳದಿ ಮಣ್ಣು.

"ಬಿಸಿಲಿಗೆ ಗುಡ್ಡ ಒಡೀತದ. ಮಳಿ ಅದನ್ನ ತಂದು ಇಲ್ಲೆ ಪದರಾ ಪದರಾ ಹಾಕ್ತದ. ಕೆಳಗ ಹೋದಂಗ ಹಳೇದು. ಇದಕ್ಕ ಸಾವಿರಾರು ವರ್ಷ ಬೇಕು," ಎಂದೆ. "ನಾಳೆ ಎಲ್ಲಾರೂ ಒಂದೊಂದು ಮುಷ್ಟಿ ಹಳೇ ಮಣ್ಣು ತರ್ರಿ."

ಈಗ ಪ್ರೇಮವ್ವನ ತಾಯಿ ಭರಮವ್ವ ನನ್ನ ಪಕ್ಕದಲ್ಲೇ ಬಗೆಯುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಮಾಸ್ತರ್ರ, ಹಳೇ ಮಣ್ಣು ಎಷ್ಟು ಕೆಳಗ ಐತ್ರಿ?" ಎಂದಳು.

ಸಾವಿರ ವರ್ಷಗಳ ಲೆಕ್ಕ ಹೇಳಿದ ನಾನು ಈಗ ಮೊಳದ ಲೆಕ್ಕದಲ್ಲಿ ಬಗೆಯುತ್ತಾ ಹೋದೆ. ಉಗುರು ಕಿತ್ತು ರಕ್ತ ಬರುತ್ತಿತ್ತು. ನೆರವಿಗೆ ಬಂದಿದ್ದ ಊರಿನ ಜಟ್ಟೆಪ್ಪ ಗುದ್ದಲಿ ಎತ್ತಿದಾಗಲೆಲ್ಲ, ಅದು ಹುಡುಗಿಗೇ ತಗುಲೀತೆಂದು ನಾನು ಚೀರುತ್ತಿದ್ದೆ. ದೇವರೇ, ಇದೊಂದು ಸಲ, ಎಂದು ಬೇಡಿಕೊಂಡೆ.

"ಯವ್ವಾ, ಏನ್ ಹುಡಕಾಕತ್ತೀರಿ?"

ದಂಡೆಯ ಮೇಲೆ ಪ್ರೇಮವ್ವ ಬುಟ್ಟಿ ಹೊತ್ತು ನಿಂತಿದ್ದಳು. ಭರಮವ್ವ ಓಡಿಹೋಗಿ ಎರಡೇಟು ಹಾಕಿ, ಅಪ್ಪಿಕೊಂಡು ಗೋಳೋ ಎಂದು ಅತ್ತಳು.

"ಹಾಳೂರ ದಿಬ್ಬಕ್ಕ ಹೋಗಿದ್ನಿ," ಎಂದು ಹುಡುಗಿ ಬಿಕ್ಕಿದಳು. "ಮಾಸ್ತರ್ರು ಹಾಳ ಮಣ್ಣು ತರ್ರಿ ಅಂದಿದ್ರು."

ನಾನು ಹಳೇ ಅಂದದ್ದು ಅವಳಿಗೆ ಹಾಳ ಎಂದು ಕೇಳಿಸಿತ್ತು. ಹಾಳ ಮಣ್ಣೆಂದರೆ ಜನ ಬಿಟ್ಟುಹೋದ ಹಳೆಯ ಊರಿನ ಮಣ್ಣು. ಇಲ್ಲಿಯವರು ಗೊಬ್ಬರವೆಂದು ಹೊಲಕ್ಕೆ ಹೇರುತ್ತಾರೆ. ಬುಟ್ಟಿಯಲ್ಲಿ ಬೂದಿಬಣ್ಣದ ಮಣ್ಣು, ಒಂದು ಬಳೆಚೂರು. ನಾನು ನಗಲು ಹೋಗಿ ಅತ್ತೆ.

ಕೈ ತೊಳೆದು ಶಾಲೆಗೆ ಬಂದೆ. ಕಟ್ಟೆಯ ಮೇಲೆ ಮುತ್ತಲ ಎಲೆಯ ಹನ್ನೊಂದು ಪೊಟ್ಟಣಗಳು ಸಾಲಾಗಿದ್ದವು. ಬಿಚ್ಚಿದೆ. ಎಲ್ಲದರಲ್ಲೂ ಬುಡದ ಹಳದಿ ಮಣ್ಣು.

"ನಿನ್ನಿ ಸಂಜೀನ ತಂದಿಟ್ಟೇವ್ರಿ," ಎಂದಳು ಮುಂದೆ ಕೂತಿದ್ದ ಸಕೀನಾಬಿ. "ದಂಡಿ ಬುಡಕ ಗವಿ ಕೊರದು, ಎಲ್ಲಾರೂ ಒಳಗ ಹೊಕ್ಕು ತಗದೇವ್ರಿ."

ಹನ್ನೊಂದು ಮಕ್ಕಳು ನನ್ನ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದರು.